‘ಕಟ್ಟಬೇಕಾದ ದುಡ್ಡು’ ಇಂಗ್ಲಿಷಿನಲ್ಲಿ ಹೇಗೆ ಹೇಳುವುದು?

ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. ಬಾಡಿಗೆ ಮನೆ ಹುಡುಕುವವರು ‘ಬ್ಯಾಚುಲರ್‌ಗಳು ಇರಬಹುದಾದ ಮನೆ’ ಅಂತ ಬ್ರೋಕರ್‌ಗೆ ಮೆಸೇಜ್ ಹಾಕಬೇಕು. ಕೆಲಸಕ್ಕೆ ಹೊಸದಾಗಿ ಸೇರಿದವರು ‘ಇವತ್ತೇ ಕಳಿಸಬೇಕಾದ ಫೈಲ್’ ಅಂತ ಮೇಲ್ ಬರೆಯಬೇಕು. ಅಪಾರ್ಟ್‌ಮೆಂಟ್ ಸೆಕ್ರೆಟರಿ ‘ಒಳಗೆ ಬಿಡಬಾರದ ಗಾಡಿಗಳು’ ಅಂತ ಗೇಟಿಗೆ ನೋಟಿಸ್ ಅಂಟಿಸಬೇಕು. ಮೂವರಿಗೂ ಕ್ಯಾನ್, ಮಸ್ಟ್ ಗೊತ್ತು. ಹೂ, ವಿಚ್, ದಟ್ ಕೂಡ ಗೊತ್ತು. ಎರಡೂ ಒಂದೇ ವಾಕ್ಯದಲ್ಲಿ ಬರಬೇಕು ಅಂದಾಗ ಮಾತ್ರ ತಡವರಿಸುತ್ತಾರೆ.

ನಾನು ಸಂಜೆ ಹೊತ್ತು ವಿಜಯನಗರದಲ್ಲಿ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಪ್ರತಿ ಬ್ಯಾಚಿನಲ್ಲೂ ಇದೇ ಜಾಗದಲ್ಲಿ ಗಾಡಿ ನಿಲ್ಲುವುದನ್ನು ನೋಡಿ ನೋಡಿ ಇದನ್ನು ಬರೆಯಲು ಕೂತೆ. ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಸುಮ್ನೆ ಕಣ್ಣಾಡಿಸಬೇಡಿ, ಬಾಯಿಬಿಟ್ಟು ಓದಿ. ಸ್ಪೆಲ್ಲಿಂಗ್ ಚಿಂತೆ ಇಲ್ಲದಿದ್ದರೆ ಪದಗಳ ಸಾಲು ಕಿವಿಯಲ್ಲಿ ಬೇಗ ಕೂರುತ್ತದೆ.

ಶುರು ಮಾಡುವ ಮೊದಲು

ಎರಡು ಹೆಸರು ತಿಳಿದಿರಲಿ. ಒಂದು, ರಿಲೇಟಿವ್ ಕ್ಲಾಸ್. ಇದು ಶಾಲೆಯ ಕ್ಲಾಸ್ ಅಲ್ಲ. ಒಂದು ವಸ್ತುವಿನ ಅಥವಾ ವ್ಯಕ್ತಿಯ ಹೆಸರು ಹೇಳಿ, ‘ಅದು ಯಾವುದು’ ಅಂತ ಗುರುತು ಹೇಳುವ ಚಿಕ್ಕ ವಾಕ್ಯ. ‘ದಿ ಬಸ್ ದಟ್ ಗೋಸ್ ಟು ಮೆಜೆಸ್ಟಿಕ್’ ಅನ್ನುವುದರಲ್ಲಿ ‘ದಟ್ ಗೋಸ್ ಟು ಮೆಜೆಸ್ಟಿಕ್’ ಅಷ್ಟೂ ರಿಲೇಟಿವ್ ಕ್ಲಾಸ್. ನಾನು ಇದನ್ನು ಬಾಲ ಅಂತ ಕರೆಯುತ್ತೇನೆ, ಹೆಸರಿಗೆ ಅಂಟಿದ ಬಾಲ.

ಇನ್ನೊಂದು, ಮೋಡಲ್. ಬೇಕು, ಬಹುದು, ಬಾರದು ಇಂಥ ಅರ್ಥ ಕೊಡುವ ಸಹಾಯಕ ಕ್ರಿಯಾಪದ. ಮುಖ್ಯವಾದವು ಒಂಬತ್ತು: ಕ್ಯಾನ್, ಕುಡ್, ಮೇ, ಮೈಟ್, ವಿಲ್, ವುಡ್, ಶಲ್, ಶುಡ್, ಮಸ್ಟ್. ‘ಹ್ಯಾವ್ ಟು’, ‘ಬಿ ಏಬಲ್ ಟು’ ಇವು ಅಪ್ಪಟ ಮೋಡಲ್‌ಗಳಲ್ಲ. ಆದರೆ ಮೋಡಲ್‌ಗಳಿಗೆ ಆಗದ ಕೆಲಸಕ್ಕೆ ಇವೇ ಬೇಕು. ಮುಂದೆ ನೋಡೋಣ.

ಇನ್ನು ನಿಮ್ಮ ಕೈಯಲ್ಲಿ ಈಗಾಗಲೇ ಇರುವ ಬಂಡವಾಳ. ‘ಕಟ್ಟಬೇಕಾದ’ ಅನ್ನುವ ಒಂದೇ ಪದವನ್ನು ಬಿಚ್ಚಿ ನೋಡಿ. ‘ಕಟ್ಟು’ ಕ್ರಿಯಾಪದ, ‘ಬೇಕು’ ಮೋಡಲ್, ‘ಆದ’ ಬಾಲ. ಮೂರೂ ಅಂಟಿಕೊಂಡು ಒಂದೇ ಪದ ಆಗಿದೆ. ಬಹುದಾದ, ಬಾರದ, ಬಲ್ಲ, ಆಗದ ಎಲ್ಲವೂ ಹೀಗೇ. ಬಾಸೆಲ್ ಮಿಷನ್ನಿನ ಕಿಟ್ಟೆಲ್ 1903ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಕನ್ನಡ ವ್ಯಾಕರಣದಲ್ಲಿ ಮಾಡುವ, ಮಾಡಿದ ಇಂಥ ರೂಪಗಳಿಗೆ ರಿಲೇಟಿವ್ ಪಾರ್ಟಿಸಿಪಲ್ ಅಂತಲೇ ಹೆಸರು ಕೊಟ್ಟಿದ್ದಾರೆ. ಅಂದರೆ ಈ ಕೆಲಸವನ್ನು ನೀವು ಮಾತು ಕಲಿತಾಗಿನಿಂದ ಮಾಡುತ್ತಿದ್ದೀರಿ. ಇಂಗ್ಲಿಷ್ ಈ ಅಂಟನ್ನು ಬಿಡಿಸಿ, ತುಂಡುಗಳನ್ನು ಹೆಸರಿನ ಆಚೆ ಬದಿಗೆ ಸಾಲಾಗಿ ಜೋಡಿಸುತ್ತದೆ. ಕಷ್ಟ ಇರುವುದು ಬಿಡಿಸುವುದರಲ್ಲಿ. ಅದಕ್ಕೇ ಮೊದಲ ಹಂತದ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನಿನ್ನೆ ನೀವೇ ಆಡಿದ ಮಾತಿನಿಂದ ಬೇಕಾದ, ಬಹುದಾದ, ಬಾರದ ಬರುವ ಹತ್ತು ಕನ್ನಡ ತುಣುಕುಗಳನ್ನು ಬರೆದುಕೊಳ್ಳಿ. ಪುಸ್ತಕದ ವಾಕ್ಯಗಳು ಬೇಡ.

ಹಂತ 1: ತುಣುಕನ್ನು ಪೂರ್ತಿ ಕನ್ನಡ ವಾಕ್ಯ ಮಾಡಿ

ಇಂಗ್ಲಿಷಿಗೆ ಹೋಗುವ ಮೊದಲು ಕನ್ನಡದಲ್ಲೇ ಒಂದು ಕೆಲಸ ಇದೆ. ‘ಕಟ್ಟಬೇಕಾದ ದುಡ್ಡು’ ಅನ್ನುವುದನ್ನು ‘ನಾನು ದುಡ್ಡು ಕಟ್ಟಬೇಕು’ ಅಂತ ಪೂರ್ತಿ ವಾಕ್ಯ ಮಾಡಿ. ಯಾರು ಕಟ್ಟಬೇಕು ಅನ್ನುವುದನ್ನು ತುಣುಕು ಹೇಳಿರಲಿಲ್ಲ, ವಾಕ್ಯ ಹೇಳಿತು. ಇಂಗ್ಲಿಷಿಗೆ ಬೇಕಾಗಿರುವುದು ಅದೇ.

ಇದು ಎಷ್ಟು ಮುಖ್ಯ ಅಂತ ತೋರಿಸಲು ನಾನು ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಒಂದು ತುಣುಕು ಬರೆಯುತ್ತೇನೆ: ‘ದುಡ್ಡು ಕೊಡಬೇಕಾದ ಹುಡುಗ’. ಯಾರು ಯಾರಿಗೆ ಕೊಡಬೇಕು? ಪೇಪರ್ ಹಾಕುವ ಹುಡುಗ ತಿಂಗಳ ಕೊನೆಗೆ ಬಾಗಿಲಲ್ಲಿ ನಿಂತಿದ್ದರೆ, ನಾನು ಅವನಿಗೆ ಕೊಡಬೇಕು. ರೂಮ್‌ಮೇಟ್ ಕರೆಂಟ್ ಬಿಲ್ಲಿನ ಅರ್ಧ ಬಾಕಿ ಉಳಿಸಿಕೊಂಡಿದ್ದರೆ, ಅವನು ನನಗೆ ಕೊಡಬೇಕು. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು, ಸಂದರ್ಭ ನೋಡಿ ತಿಳಿದುಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಹಾಗೆ ನಡೆಯುವುದಿಲ್ಲ. ಪೇಪರ್ ಹುಡುಗ ‘ದಿ ಬಾಯ್ ಐ ಹ್ಯಾವ್ ಟು ಪೇ’. ರೂಮ್‌ಮೇಟ್ ‘ದಿ ಬಾಯ್ ಹೂ ಹ್ಯಾಸ್ ಟು ಪೇ ಮೀ’. ಸಾಲ ತಿರುಗುಮುರುಗು ಆಗಿಬಿಡುತ್ತದೆ, ಅಲ್ವಾ?

ಈ ಹಂತ ಹಾರಿಸಿದವರು ಬೀಳುವ ಗುಂಡಿಗಳು ಎರಡು.

ಮೊದಲನೆಯದು, ವಸ್ತುವಿನ ಕೈಯಲ್ಲಿ ಕೆಲಸ ಮಾಡಿಸುವುದು. ‘ಸಲ್ಲಿಸಬೇಕಾದ ದಾಖಲೆಗಳು’ ಅನ್ನುವುದಕ್ಕೆ ‘ದಿ ಡಾಕ್ಯುಮೆಂಟ್ಸ್ ದಟ್ ಮಸ್ಟ್ ಸಬ್ಮಿಟ್’ ಅಂತ ಬರೆಯುವವರು ತುಂಬಾ ಜನ. ಹಾಗಂದರೆ ಆಧಾರ್ ಕಾರ್ಡೇ ಕ್ಯೂನಲ್ಲಿ ನಿಂತು ಇನ್ನೇನನ್ನೋ ಸಲ್ಲಿಸಬೇಕು ಅಂತ ಅರ್ಥ. ದಾಖಲೆ ಸಲ್ಲಿಸುವುದಿಲ್ಲ, ಅದನ್ನು ಸಲ್ಲಿಸುತ್ತಾರೆ. ಪೂರ್ತಿ ವಾಕ್ಯ ಮಾಡಿದ್ದರೆ ‘ನೀವು ದಾಖಲೆ ಸಲ್ಲಿಸಬೇಕು’ ಅಂತ ಬರುತ್ತಿತ್ತು, ಅಲ್ಲಿಂದ ‘ದಿ ಡಾಕ್ಯುಮೆಂಟ್ಸ್ ಯು ಮಸ್ಟ್ ಸಬ್ಮಿಟ್’. ಯಾರು ಸಲ್ಲಿಸುತ್ತಾರೆ ಅಂತ ಹೇಳುವುದು ಬೇಡವಾದರೆ ‘ಬಿ’ ಸೇರಿಸಿ: ‘ದಿ ಡಾಕ್ಯುಮೆಂಟ್ಸ್ ದಟ್ ಮಸ್ಟ್ ಬಿ ಸಬ್ಮಿಟೆಡ್’. ಹಾಗೇ ‘ನಂಬಬಹುದಾದ ಬ್ರೋಕರ್’ ಅಂದರೆ ‘ಎ ಬ್ರೋಕರ್ ಯು ಕ್ಯಾನ್ ಟ್ರಸ್ಟ್’ ಅಥವಾ ‘ಎ ಬ್ರೋಕರ್ ಹೂ ಕ್ಯಾನ್ ಬಿ ಟ್ರಸ್ಟೆಡ್’. ‘ಎ ಬ್ರೋಕರ್ ಹೂ ಕ್ಯಾನ್ ಟ್ರಸ್ಟ್’ ಅಂದರೆ ಬೇರೆಯವರನ್ನು ನಂಬಬಲ್ಲ ಬ್ರೋಕರ್. ಅಂಥವರು ಸಿಕ್ಕರೆ ನನಗೂ ತಿಳಿಸಿ.

ಎರಡನೆಯದು, ವಿಭಕ್ತಿ ಕಳೆದುಹೋಗುವುದು. ‘ನಾನು ಮ್ಯಾನೇಜರ್ ಹತ್ತಿರ ಮಾತಾಡಬೇಕು’ ಅನ್ನುವುದನ್ನು ತುಣುಕು ಮಾಡಿದರೆ ‘ನಾನು ಮಾತಾಡಬೇಕಾದ ಮ್ಯಾನೇಜರ್’. ‘ಹತ್ತಿರ’ ಎಲ್ಲಿ ಹೋಯಿತು? ಕನ್ನಡ ಅದನ್ನು ನುಂಗಿಬಿಟ್ಟಿತು. ಇಂಗ್ಲಿಷ್ ನುಂಗುವುದಿಲ್ಲ. ‘ದಿ ಮ್ಯಾನೇಜರ್ ಐ ಹ್ಯಾವ್ ಟು ಟಾಕ್’ ಅಂತ ನಿಲ್ಲಿಸಿದರೆ ವಾಕ್ಯಕ್ಕೆ ಒಂದು ಕಾಲು ಇಲ್ಲ. ‘ದಿ ಮ್ಯಾನೇಜರ್ ಐ ಹ್ಯಾವ್ ಟು ಟಾಕ್ ಟು’ ಅನ್ನಬೇಕು. ಕೊನೆಯಲ್ಲಿ ಒಂಟಿಯಾಗಿ ನಿಂತ ‘ಟು’ ನೋಡಿ ಹೆದರಬೇಡಿ. ವಾಕ್ಯದ ಕೊನೆಗೆ ಇಂಥ ಪದ ಬರಬಾರದು ಅಂತ ಶಾಲೆಯಲ್ಲಿ ಯಾರಾದರೂ ಹೇಳಿದ್ದರೆ ಮರೆತುಬಿಡಿ. ದಿನಬಳಕೆಯ ಇಂಗ್ಲಿಷಿನಲ್ಲಿ ಅದರ ಜಾಗ ಕೊನೆಯೇ. ‘ಇಳಿಯಬೇಕಾದ ಸ್ಟಾಪ್’ ಅಂದರೆ ‘ದಿ ಸ್ಟಾಪ್ ಯು ಹ್ಯಾವ್ ಟು ಗೆಟ್ ಆಫ್ ಅಟ್’.

ಹಂತ 2: ಹೆಸರನ್ನು ಮುಂದೆ ತನ್ನಿ, ಬಾಲ ಅಂಟಿಸಿ

ಈಗ ಜಾಗ ಬದಲಿಸಿ. ಕನ್ನಡದಲ್ಲಿ ವಿವರ ಮೊದಲು, ಹೆಸರು ಆಮೇಲೆ. ಇಂಗ್ಲಿಷಿನಲ್ಲಿ ಹೆಸರು ಮೊದಲು. ಆಮೇಲೆ ಕೊಂಡಿ, ಕೆಲಸ ಮಾಡುವವರು, ಮೋಡಲ್, ಕ್ರಿಯಾಪದ, ಇದೇ ಸಾಲಿನಲ್ಲಿ. ‘ದಿ ಮನಿ’, ‘ದಟ್’, ‘ಐ’, ‘ಮಸ್ಟ್’, ‘ಪೇ’.

ಕೊಂಡಿ ಆರಿಸುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಜನರಿಗೆ ಹೂ, ವಸ್ತುಗಳಿಗೆ ದಟ್ ಅಥವಾ ವಿಚ್, ಜಾಗಕ್ಕೆ ವೇರ್. ಹೂಮ್ ಅನ್ನುವುದನ್ನು ಕಾಗದ ಪತ್ರಗಳಿಗೆ ಬಿಡಿ, ಮಾತಿನಲ್ಲಿ ಅದು ಸೂಟು ಹಾಕಿಕೊಂಡು ದರ್ಶಿನಿಗೆ ಇಡ್ಲಿ ತಿನ್ನಲು ಹೋದ ಹಾಗೆ. ವೇರ್ ಹಾಕಿದರೆ ಕೊನೆಯ ‘ಅಟ್’, ‘ಇನ್’ ಬೇಡ. ನೇರಳೆ ಮಾರ್ಗದಲ್ಲಿ ಬಂದು ಜಯನಗರಕ್ಕೆ ಹೋಗುವವರಿಗೆ ದಾರಿ ಹೇಳುವಾಗ ‘ಮೆಜೆಸ್ಟಿಕ್ ಈಸ್ ದಿ ಸ್ಟೇಷನ್ ವೇರ್ ಯು ಹ್ಯಾವ್ ಟು ಚೇಂಜ್ ಲೈನ್ಸ್’ ಅಂದರೆ ಸಾಕು.

ಕೊಂಡಿಯನ್ನು ಯಾವಾಗ ಬಿಡಬಹುದು ಅಂತ ಬಹಳ ಜನ ಕೇಳುತ್ತಾರೆ. ಕೊಂಡಿ ಆದಮೇಲೆ ಐ, ಯು, ವಿ, ಮೈ ಬಾಸ್ ಅಂತ ಕೆಲಸ ಮಾಡುವವರು ಬಂದರೆ ಬಿಡಬಹುದು: ‘ದಿ ಫಾರ್ಮ್ ಯು ಮಸ್ಟ್ ಸೈನ್’. ಕೊಂಡಿಯ ಪಕ್ಕದಲ್ಲೇ ಮೋಡಲ್ ಇದ್ದರೆ ಬಿಡುವ ಹಾಗಿಲ್ಲ. ‘ದಿ ಪ್ಲಂಬರ್ ಹೂ ಕ್ಯಾನ್ ಫಿಕ್ಸ್ ದಿಸ್ ಈಸ್ ಆನ್ ಲೀವ್’ ಸರಿ. ಅದರಲ್ಲಿ ‘ಹೂ’ ತೆಗೆದರೆ ಕೇಳುವವರಿಗೆ ಪ್ಲಂಬರ್ ರಿಪೇರಿ ಮಾಡುತ್ತಾನೋ ರಜೆಯಲ್ಲಿದ್ದಾನೋ ತಿಳಿಯುವುದಿಲ್ಲ.

ಇಲ್ಲಿ ಎರಡು ಕಡೆ ಜಾರುತ್ತೇವೆ. ‘ದಿ ಫಾರ್ಮ್ ದಟ್ ಐ ಹ್ಯಾವ್ ಟು ಸೈನ್ ಇಟ್’ ಅಂತ ಕೊನೆಗೊಂದು ‘ಇಟ್’ ಸೇರಿಸುವುದು ಒಂದು. ‘ದಟ್’ ಆ ಕೆಲಸ ಮುಗಿಸಿದೆ, ಮತ್ತೆ ‘ಇಟ್’ ಬೇಡ. ‘ನಾನು ಅದನ್ನು ತುಂಬಬೇಕಾದ ಫಾರ್ಮ್’ ಅಂತ ಕನ್ನಡದಲ್ಲೂ ಯಾರೂ ಹೇಳುವುದಿಲ್ಲ, ನೋಡಿ. ಇನ್ನೊಂದು, ‘ದಿ ಪ್ಲಂಬರ್ ಹೂ ಕ್ಯಾನ್ ಫಿಕ್ಸ್ ದಿಸ್, ಹಿ ಈಸ್ ಆನ್ ಲೀವ್’. ಈ ‘ಹಿ’ ಬರುವುದು ನಮ್ಮ ‘ಯಾರು ರಿಪೇರಿ ಮಾಡಬಲ್ಲರೋ ಅವರು’ ಅನ್ನುವ ಧಾಟಿಯಿಂದ ಇರಬೇಕು. ಅಲ್ಲಿ ‘ಅವರು’ ಬೇಕು, ಇಂಗ್ಲಿಷಿನಲ್ಲಿ ಬೇಡ.

ಹಂತ 3: ಸರಿಯಾದ ಮೋಡಲ್ ಆರಿಸಿ

‘ಬೇಕಾದ’ ಮೂರು ದಾರಿಗೆ ಹೋಗುತ್ತದೆ. ಸಲಹೆಯಾದರೆ ಶುಡ್. ದಿನನಿತ್ಯದ ಕಟ್ಟುಪಾಡಾದರೆ ಹ್ಯಾವ್ ಟು. ನಿಯಮ, ನೋಟಿಸ್, ಒತ್ತಾಯ ಆದರೆ ಮಸ್ಟ್. ಕನ್ನಡದಲ್ಲೇ ಒಂದು ಸುಳಿವು ಇದೆ. ‘ನೋಡಬೇಕಾದ ಜಾಗ’ ಅಂದರೆ ಸಾಮಾನ್ಯವಾಗಿ ‘ಎ ಪ್ಲೇಸ್ ಯು ಶುಡ್ ಸೀ’. ‘ನೋಡಲೇಬೇಕಾದ ಜಾಗ’ ಅಂದಾಗ ‘ಎ ಪ್ಲೇಸ್ ಯು ಮಸ್ಟ್ ಸೀ’. ಆ ‘ಲೇ’ ಕೇಳಿಸಿದರೆ ಮಸ್ಟ್ ಹಾಕಿ, ಬಹುತೇಕ ತಪ್ಪಾಗುವುದಿಲ್ಲ.

‘ಬಹುದಾದ’ ಇನ್ನೂ ಜಾರುವ ಪದ. ಅನುಮತಿಗೂ ಅದೇ, ಅನುಕೂಲಕ್ಕೂ ಅದೇ, ಅನುಮಾನಕ್ಕೂ ಅದೇ. ‘ಗಾಡಿ ನಿಲ್ಲಿಸಬಹುದಾದ ಜಾಗ’ ಅನುಮತಿ ಅಥವಾ ಅನುಕೂಲ, ಹಾಗಾಗಿ ‘ಎ ಪ್ಲೇಸ್ ವೇರ್ ಐ ಕ್ಯಾನ್ ಪಾರ್ಕ್’. ಅದು ಗಾಂಧಿ ಬಜಾರಿನಲ್ಲಿ ಸಿಗುವುದು ಬೇರೆ ವಿಷಯ. ‘ತಡವಾಗಬಹುದಾದ ಟ್ರೈನ್’ ಅನುಮಾನ, ಹಾಗಾಗಿ ‘ಎ ಟ್ರೈನ್ ದಟ್ ಮೇ ಬಿ ಲೇಟ್’, ಇಲ್ಲವೇ ‘ಮೈಟ್ ಬಿ ಲೇಟ್’. ಇವತ್ತು ಮಳೆ ಬರಬಹುದು ಅನ್ನುವುದಕ್ಕೆ ‘ಇಟ್ ಕ್ಯಾನ್ ರೈನ್ ಟುಡೇ’ ಅನ್ನುವುದು ಇದೇ ಗೊಂದಲದ ಇನ್ನೊಂದು ಮುಖ. ಆಗುತ್ತೋ ಇಲ್ಲವೋ ನೋಡೋಣ ಅನ್ನುವ ಭಾವ ಇದ್ದರೆ ಕ್ಯಾನ್ ಬಿಟ್ಟು ಮೇ, ಮೈಟ್ ಕಡೆ ಹೋಗಿ.

‘ಬಲ್ಲ’ ಸುಲಭ, ಯಾವಾಗಲೂ ಕ್ಯಾನ್. ‘ಕನ್ನಡ ಮಾತಾಡಬಲ್ಲ ಡಾಕ್ಟರ್’ ಅಂದರೆ ‘ಎ ಡಾಕ್ಟರ್ ಹೂ ಕ್ಯಾನ್ ಸ್ಪೀಕ್ ಕನ್ನಡ’.

ಬೇಡ ಅನ್ನುವ ಕಡೆ ಹುಷಾರಾಗಿರಿ. ‘ತರಬಾರದ ವಸ್ತುಗಳು’ ಅಂದರೆ ‘ಥಿಂಗ್ಸ್ ಯು ಮಸ್ಟ್ ನಾಟ್ ಬ್ರಿಂಗ್’. ‘ತರಬೇಕಾಗಿಲ್ಲದ ವಸ್ತುಗಳು’ ಅಂದರೆ ‘ಥಿಂಗ್ಸ್ ಯು ಡೋಂಟ್ ಹ್ಯಾವ್ ಟು ಬ್ರಿಂಗ್’. ಮಸ್ಟ್ ಅಂದರೆ ಬೇಕು, ಹಾಗಾದರೆ ಮಸ್ಟ್ ನಾಟ್ ಅಂದರೆ ಬೇಕಾಗಿಲ್ಲ ಅಂತ ಲೆಕ್ಕ ಹಾಕಿದಿರೋ, ಕೆಟ್ಟಿರಿ. ‘ರೆಸಿಡೆಂಟ್ಸ್ ಹೂ ಮಸ್ಟ್ ನಾಟ್ ಸೈನ್ ದಿ ರಿಜಿಸ್ಟರ್’ ಅಂತ ಗೇಟಿನಲ್ಲಿ ಬರೆದರೆ, ಅವರು ಸಹಿ ಹಾಕಿದರೆ ತಪ್ಪು ಅಂತ ಅರ್ಥ. ನಿಮಗೆ ಬೇಕಾದದ್ದು, ಅವರು ಸಹಿ ಹಾಕದಿದ್ದರೂ ನಡೆಯುತ್ತದೆ ಅನ್ನುವುದು.

ಇನ್ನು ವುಡ್. ನಮ್ಮ ಊರಿನ ಆಫೀಸ್ ಇಂಗ್ಲಿಷಿಗೆ ಇದರ ಮೇಲೆ ವಿಪರೀತ ಮೋಹ. ‘ದಿ ಮೀಟಿಂಗ್ ದಟ್ ವುಡ್ ಬಿ ಹೆಲ್ಡ್ ಆನ್ ಮಂಡೇ’ ಅಂತ ಬರೆದರೆ ಮರ್ಯಾದೆಯಾಗಿ ಕಾಣುತ್ತದೆ ಅನ್ನುವ ನಂಬಿಕೆ. ಸೋಮವಾರ ಮೀಟಿಂಗ್ ಖಂಡಿತ ಇದ್ದರೆ ‘ದಟ್ ವಿಲ್ ಬಿ ಹೆಲ್ಡ್’ ಅನ್ನಿ. ವುಡ್ ಹಾಕಿದರೆ ‘ಏನಾದರೂ ಆಗಿದ್ದರೆ ನಡೆಯುತ್ತಿತ್ತು’ ಅನ್ನುವ ವಾಸನೆ ಬರುತ್ತದೆ. ವುಡ್ ಸರಿಯಾಗಿ ಕೂರುವುದು ಇನ್ನೂ ಕೈಗೆ ಸಿಗದ, ಮನಸ್ಸಿನಲ್ಲಿ ಮಾತ್ರ ಇರುವ ವಸ್ತುವಿಗೆ. ‘ನಮಗೆ ಹೊಂದುವಂಥ ಮನೆ’ ಹುಡುಕುತ್ತಿದ್ದೀರಿ, ಸಿಕ್ಕಿಲ್ಲ. ಆಗ ‘ಎ ಹೌಸ್ ದಟ್ ವುಡ್ ಸೂಟ್ ಅಸ್’. ಕನ್ನಡದಲ್ಲಿ ‘ಅಂಥ’ ಬರುವ ಕಡೆ ವುಡ್ ಹೊಂದುತ್ತದೋ ಅಂತ ಒಮ್ಮೆ ನೋಡಿ.

ಹಂತ 4: ಮೋಡಲ್ ಆದಮೇಲೆ ಬರಿಗಾಲಿನ ಕ್ರಿಯಾಪದ

ಮೋಡಲ್ ಪಕ್ಕದ ಕ್ರಿಯಾಪದಕ್ಕೆ ಏನೂ ತೊಡಿಸಬೇಡಿ. ‘ಹೂ ಕ್ಯಾನ್ ಸ್ಪೀಕ್ಸ್’ ಇಲ್ಲ, ‘ಹೂ ಕ್ಯಾನ್ ಟು ಸ್ಪೀಕ್’ ಇಲ್ಲ, ‘ಹೂ ಕ್ಯಾನ್ ಸ್ಪೋಕ್’ ಇಲ್ಲ. ಮೋಡಲ್‌ಗೂ ಎಸ್ ಇಲ್ಲ. ‘ಶಿ ಕ್ಯಾನ್ಸ್’ ಯಾಕಿಲ್ಲ ಅಂದರೆ, ಕ್ಯಾನ್, ಮೇ, ಶಲ್ ಇವುಗಳ ಈಗಿನ ರೂಪ ಬಹಳ ಹಿಂದೆ ಭೂತಕಾಲದ ರೂಪದಿಂದ ಹುಟ್ಟಿದ್ದು, ಭೂತಕಾಲಕ್ಕೆ ಆ ಪ್ರತ್ಯಯ ಹತ್ತುತ್ತಿರಲಿಲ್ಲ. ನಮಗೇನೂ ಇದು ಹೊಸದಲ್ಲ. ನಾನು ಮಾಡಬೇಕು, ಅವಳು ಮಾಡಬೇಕು, ಅವರು ಮಾಡಬೇಕು. ‘ಬೇಕು’ ಯಾರಿಗೂ ಬದಲಾಗುವುದಿಲ್ಲ. ಬದಲಾಗುವುದು ‘ಬಲ್ಲ’ದಂಥ ಕೆಲವು: ಬಲ್ಲೆ, ಬಲ್ಲಳು, ಬಲ್ಲರು. ‘ಹ್ಯಾವ್ ಟು’ ಅಪ್ಪಟ ಮೋಡಲ್ ಅಲ್ಲ ಅಂದೆನಲ್ಲ, ಅದಕ್ಕೇ ಅದು ಬದಲಾಗುತ್ತದೆ: ‘ಹೂ ಹ್ಯಾಸ್ ಟು’, ‘ಹೂ ಹ್ಯಾವ್ ಟು’.

ಒಂದು ಬಾಲದೊಳಗೆ ಎರಡು ಮೋಡಲ್ ಕೂರುವುದಿಲ್ಲ. ಕನ್ನಡದಲ್ಲಿ ‘ಮಾಡಬೇಕಾಗಬಹುದು’ ಅಂತ ಬೇಕು ಮೇಲೆ ಬಹುದು ಪೇರಿಸುತ್ತೇವೆ. ಇಂಗ್ಲಿಷಿನಲ್ಲಿ ‘ಮೇ ಮಸ್ಟ್’ ಅನ್ನುವ ಹಾಗಿಲ್ಲ. ಎರಡನೆಯದನ್ನು ಬದಲಿ ಆಟಗಾರನಿಗೆ ಕೊಡಿ. ‘ನಾವು ಕಟ್ಟಬೇಕಾಗಬಹುದಾದ ದಂಡ’ ಅಂದರೆ ‘ಎ ಫೈನ್ ವಿ ಮೇ ಹ್ಯಾವ್ ಟು ಪೇ’. ಹಾಗೇ ‘ವಿಲ್ ಕ್ಯಾನ್’ ಬದಲು ‘ಸಮ್‌ಒನ್ ಹೂ ವಿಲ್ ಬಿ ಏಬಲ್ ಟು ಹೆಲ್ಪ್’. ಬಾಲದಲ್ಲಿ ಒಂದು, ಮುಖ್ಯ ವಾಕ್ಯದಲ್ಲಿ ಒಂದು ಇದ್ದರೆ ತೊಂದರೆ ಇಲ್ಲ: ‘ದಿ ಮ್ಯಾನ್ ಹೂ ಕ್ಯಾನ್ ಫಿಕ್ಸ್ ಇಟ್ ವಿಲ್ ಕಮ್ ಟುಮಾರೋ’.

ಹಂತ 5: ನಡೆದುಹೋದ ಮಾತಾದರೆ

ಇದು ಕಷ್ಟದ ಹಂತ. ಆದರೆ ಕನ್ನಡ ಗೊತ್ತಿದ್ದವರಿಗೆ ಅರ್ಧ ಕೆಲಸ ಆಗಿಯೇ ಇರುತ್ತದೆ. ಈ ಎರಡನ್ನು ಪಕ್ಕಪಕ್ಕ ಇಟ್ಟು ಓದಿ: ‘ಕಟ್ಟಬೇಕಿದ್ದ ಬಾಡಿಗೆ’, ‘ಕಟ್ಟಬೇಕಾಗಿ ಬಂದ ಬಾಡಿಗೆ’. ಮೊದಲನೆಯದನ್ನು ನೀವು ಕಟ್ಟಿಲ್ಲ. ಎರಡನೆಯದನ್ನು ಮನಸ್ಸಿಲ್ಲದಿದ್ದರೂ ಕಟ್ಟಿದಿರಿ. ಇಂಗ್ಲಿಷಿನಲ್ಲಿ ಮೊದಲನೆಯದು ‘ದಿ ರೆಂಟ್ ಐ ಶುಡ್ ಹ್ಯಾವ್ ಪೇಯ್ಡ್’, ಎರಡನೆಯದು ‘ದಿ ರೆಂಟ್ ಐ ಹ್ಯಾಡ್ ಟು ಪೇ’. ಮನೆ ಮಾಲೀಕರಿಗೆ ಮೆಸೇಜ್ ಕಳಿಸುವಾಗ ಇವೆರಡೂ ಅದಲುಬದಲಾದರೆ ಮುಂದೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

‘ಮಸ್ಟ್ ಹ್ಯಾವ್ ಪೇಯ್ಡ್’ ಇವೆರಡೂ ಅಲ್ಲ. ಅದು ಊಹೆ, ‘ಕಟ್ಟಿರಬೇಕು’. ‘ದಿ ಟೆನೆಂಟ್ ಹೂ ಮಸ್ಟ್ ಹ್ಯಾವ್ ಪೇಯ್ಡ್’ ಅಂದರೆ ಬಹುಶಃ ಕಟ್ಟಿರುವ ಬಾಡಿಗೆದಾರ. ‘ಬೇಕು’ ನಮ್ಮಲ್ಲೂ ಹೀಗೇ ಎರಡು ಕೆಲಸ ಮಾಡುತ್ತದೆ. ‘ಅವನು ಬರಬೇಕು’ ಕಟ್ಟುಪಾಡು, ‘ಅವನು ಬಂದಿರಬೇಕು’ ಊಹೆ. ಕಟ್ಟುಪಾಡಿನ ಮಸ್ಟ್ ಹಿಂದಿನ ಕಾಲಕ್ಕೆ ಹೋದರೆ ‘ಹ್ಯಾಡ್ ಟು’ ಆಗುತ್ತದೆ ಅಂತ ನೆನಪಿಟ್ಟುಕೊಳ್ಳಿ.

‘ಬಹುದಾಗಿದ್ದ’ ಅಂದರೆ ‘ಕುಡ್ ಹ್ಯಾವ್’. ‘ತಪ್ಪಿಸಬಹುದಾಗಿದ್ದ ಅಪಘಾತ’ ಅನ್ನುವುದು ‘ಆ್ಯನ್ ಆ್ಯಕ್ಸಿಡೆಂಟ್ ದಟ್ ಕುಡ್ ಹ್ಯಾವ್ ಬೀನ್ ಅವಾಯ್ಡೆಡ್’. ಮಾತಿನಲ್ಲಿ ಈ ‘ಹ್ಯಾವ್’ ಪೂರ್ತಿ ಕೇಳಿಸುವುದಿಲ್ಲ, ‘ಕುಡವ್’, ‘ಶುಡವ್’ ಅಂತ ಕುಗ್ಗುತ್ತದೆ. ಆ ಸದ್ದನ್ನು ನಂಬಿ ‘ಶುಡ್ ಆಫ್’ ಅಂತ ಬರೆಯುವವರು ಇಂಗ್ಲಿಷನ್ನೇ ಮನೆಮಾತಾಗಿ ಆಡುವವರಲ್ಲೂ ಇದ್ದಾರೆ. ನೀವು ಬರೆಯಬೇಡಿ.

ಹಂತ 6: ಚಿಕ್ಕದು ಮಾಡಿ

ಇಲ್ಲಿಯವರೆಗೆ ಉದ್ದದ ದಾರಿ. ಇಂಗ್ಲಿಷಿನವರು ದಿನಾ ನಡೆಯುವ ಒಳದಾರಿ ಒಂದಿದೆ: ಕೊಂಡಿಯನ್ನೂ ಮೋಡಲನ್ನೂ ಒಟ್ಟಿಗೆ ಕಿತ್ತು, ಒಂದು ‘ಟು’ ಇಡುವುದು. ‘ಐ ಹ್ಯಾವ್ ಎ ಲಾಟ್ ಆಫ್ ವರ್ಕ್ ದಟ್ ಐ ಮಸ್ಟ್ ಡು’ ಅಂತ ಯಾರೂ ಹೇಳುವುದಿಲ್ಲ. ‘ಐ ಹ್ಯಾವ್ ಎ ಲಾಟ್ ಆಫ್ ವರ್ಕ್ ಟು ಡು’. ಆ ‘ಟು’ ಒಳಗೇ ‘ಬೇಕಾದ’ ಅಡಗಿ ಕೂತಿದೆ. ‘ದಿ ಪರ್ಸನ್ ಟು ಕಾಂಟ್ಯಾಕ್ಟ್’ ಅಂದರೆ ಸಂಪರ್ಕಿಸಬೇಕಾದ ವ್ಯಕ್ತಿ. ‘ಎ ಪ್ಲೇಸ್ ಟು ಸಿಟ್’ ಅಂದರೆ ಕೂರಬಹುದಾದ ಜಾಗ. ‘ಸಮ್‌ಒನ್ ಟು ಟಾಕ್ ಟು’ ಅಂದರೆ ಮಾತಾಡಬಹುದಾದ ಒಬ್ಬರು. ಇಲ್ಲೂ ಕೊನೆಯ ‘ಟು’ ಬಿಡಬೇಡಿ, ಅದು ‘ಹತ್ತಿರ’ದ ಟು.

ಈ ರೂಪವನ್ನು ನೀವು ದಿನಾ ನೋಡುತ್ತಿದ್ದೀರಿ. ಬೆಂಗಳೂರಿನ ಬೀದಿ ಬೀದಿಯ ಗೇಟುಗಳಲ್ಲಿ ನೇತಾಡುವ ‘ಟು ಲೆಟ್’ ಬೋರ್ಡ್ ಇದೇ ಜಾತಿ. ‘ಹೌಸ್ ಟು ಲೆಟ್’, ಬಾಡಿಗೆಗೆ ಕೊ‌ಡುವುದಕ್ಕಿರುವ ಮನೆ. ನಡುವೆ ಯಾರಾದರೂ ಪೋಲಿಗಳು ‘ಐ’ ಅಕ್ಷರ ಸೇರಿಸಿ ಟಾಯ್ಲೆಟ್ ಮಾಡದಿದ್ದರೆ ಸರಿ.

ಒಂದು ಮಿತಿ ಇದೆ. ‘ಟು’ ಒಳಗೆ ಬೇಕು ಕೂರುತ್ತದೆ, ಆಗುತ್ತದೆ ಅನ್ನುವ ಅರ್ಥದ ಬಹುದು ಕೂರುತ್ತದೆ. ಅನುಮಾನದ ಬಹುದು ಕೂರುವುದಿಲ್ಲ. ತಡವಾಗಬಹುದಾದ ಟ್ರೈನನ್ನು ‘ಎ ಟ್ರೈನ್ ಟು ಬಿ ಲೇಟ್’ ಮಾಡಲು ಹೋಗಬೇಡಿ. ಅಲ್ಲಿ ‘ದಟ್ ಮೇ ಬಿ’ ಉಳಿಯಲೇಬೇಕು.

ಹಂತ 7: ಹೆಸರೇ ಇಲ್ಲದಿದ್ದರೆ

‘ಆಗಬೇಕಾದ್ದು ಆಗುತ್ತದೆ.’ ಇದರಲ್ಲಿ ಬಾಲ ಇದೆ, ಬಾಲ ಅಂಟಿಸಲು ಹೆಸರು ಇಲ್ಲ. ಇಂಥ ಕಡೆ ಹೆಸರು, ಕೊಂಡಿ ಎರಡೂ ಸೇರಿ ‘ವಾಟ್’ ಆಗುತ್ತದೆ: ‘ವಾಟ್ ಮಸ್ಟ್ ಹ್ಯಾಪನ್ ವಿಲ್ ಹ್ಯಾಪನ್’. ‘ಹೇಳಬೇಕಾದ್ದನ್ನು ಹೇಳಿದೆ’ ಅಂದರೆ ‘ಐ ಸೆಡ್ ವಾಟ್ ಐ ಹ್ಯಾಡ್ ಟು ಸೇ’. ‘ಎಲ್ಲಾ’ ಸೇರಿದರೆ ಮಾತ್ರ ವಾಟ್ ಜಾಗ ಬಿಡುತ್ತದೆ. ‘ನನ್ನ ಕೈಲಾದದ್ದನ್ನೆಲ್ಲಾ ಮಾಡಿದೆ’ ಅನ್ನುವುದು ‘ಐ ಡಿಡ್ ಎವ್ರಿಥಿಂಗ್ ಐ ಕುಡ್’. ‘ಆಲ್ ವಾಟ್ ಐ ಕುಡ್’ ಅನ್ನಬೇಡಿ.

ಇದರ ಪಕ್ಕದ ಮನೆಯ ತಪ್ಪು ಒಂದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಇಂಟರ್‌ವ್ಯೂಗಳಲ್ಲಿ ಎದ್ದು ಕಾಣುವುದು ಅದೇ. ‘ಐ ಡೋಂಟ್ ನೋ ವಾಟ್ ಶುಡ್ ಐ ಡು’. ‘ಶುಡ್ ಐ’ ಅನ್ನುವ ಸಾಲು ನೇರ ಪ್ರಶ್ನೆಗೆ ಮಾತ್ರ. ದೊಡ್ಡ ವಾಕ್ಯದ ಒಳಗೆ ಹೋದಕೂಡಲೇ ‘ವಾಟ್ ಐ ಶುಡ್ ಡು’ ಅಂತ ನೆಟ್ಟಗಾಗಬೇಕು. ರಿಲೇಟಿವ್ ಬಾಲದಲ್ಲೂ ಅಷ್ಟೇ, ಕೆಲಸ ಮಾಡುವವರು ಮೊದಲು, ಮೋಡಲ್ ಆಮೇಲೆ.

ಕಾಮಾ ಬಗ್ಗೆ

ಬರೆಯುವಾಗ ಮಾತ್ರ ಬೇಕಾದ ವಿಷಯ ಇದು. ಬಾಲ ಗುರುತು ಹೇಳುತ್ತಿದ್ದರೆ ಕಾಮಾ ಬೇಡ. ಸುಮ್ನೆ ಹೆಚ್ಚಿನ ಸುದ್ದಿ ಕೊಡುತ್ತಿದ್ದರೆ ಎರಡೂ ಕಡೆ ಕಾಮಾ ಹಾಕಿ. ‘ಮೈ ಬ್ರದರ್ ಹೂ ಕ್ಯಾನ್ ಡ್ರೈವ್ ವಿಲ್ ಕಮ್’ ಅಂದರೆ ನನಗೆ ಒಬ್ಬರಿಗಿಂತ ಜಾಸ್ತಿ ಅಣ್ಣತಮ್ಮಂದಿರು, ಅವರಲ್ಲಿ ಗಾಡಿ ಓಡಿಸುವವನು ಬರುತ್ತಾನೆ. ‘ಮೈ ಬ್ರದರ್’ ಆದಮೇಲೆ ಒಂದು, ‘ಡ್ರೈವ್’ ಆದಮೇಲೆ ಒಂದು ಕಾಮಾ ಹಾಕಿದರೆ, ಇರುವ ಒಬ್ಬನೇ ಬರುತ್ತಾನೆ, ಅಂದಹಾಗೆ ಅವನಿಗೆ ಡ್ರೈವಿಂಗೂ ಗೊತ್ತು. ಕಾಮಾ ಹಾಕಿದ ಕಡೆ ‘ದಟ್’ ಬರುವುದಿಲ್ಲ, ಹೂ ಅಥವಾ ವಿಚ್ ಮಾತ್ರ.

ಈಗ ಮೊದಲಿನ ಮೂವರ ಕೆಲಸ ಮುಗಿಸೋಣ

ಕೆಳಗಿನ ಉತ್ತರ ಓದುವ ಮೊದಲು ನಿಮ್ಮ ನೋಟ್‌ಬುಕ್ಕಿನಲ್ಲಿ ನೀವೇ ಬರೆದು ನೋಡಿ.

‘ಇವತ್ತೇ ಕಳಿಸಬೇಕಾದ ಫೈಲ್’. ಫೈಲ್ ಕಳಿಸುವುದಿಲ್ಲ, ಅದನ್ನು ಕಳಿಸುತ್ತಾರೆ. ಹಾಗಾಗಿ ‘ದಿ ಫೈಲ್ ದಟ್ ಹ್ಯಾಸ್ ಟು ಬಿ ಸೆಂಟ್ ಟುಡೇ’. ನೀವೇ ಕಳಿಸುವುದಾದರೆ ‘ದಿ ಫೈಲ್ ಐ ಹ್ಯಾವ್ ಟು ಸೆಂಡ್ ಟುಡೇ’.

‘ಒಳಗೆ ಬಿಡಬಾರದ ಗಾಡಿಗಳು’. ನೋಟಿಸ್ ಆದ್ದರಿಂದ ಮಸ್ಟ್ ನಾಟ್, ಗಾಡಿಯನ್ನು ಬಿಡುವವರು ಬೇರೆ ಆದ್ದರಿಂದ ಬಿ. ‘ವೆಹಿಕಲ್ಸ್ ದಟ್ ಮಸ್ಟ್ ನಾಟ್ ಬಿ ಲೆಟ್ ಇನ್’. ಕೊನೆಯ ‘ಇನ್’ ತಪ್ಪಿಸಬೇಡಿ.

‘ಬ್ಯಾಚುಲರ್‌ಗಳು ಇರಬಹುದಾದ ಮನೆ’. ಇದಕ್ಕೆ ಎರಡು ಉತ್ತರ ಇದೆ. ಇರಲು ಬಿಡುತ್ತಾರೆ ಅಂತಾದರೆ ‘ಎ ಹೌಸ್ ವೇರ್ ಬ್ಯಾಚುಲರ್ಸ್ ಕ್ಯಾನ್ ಸ್ಟೇ’. ಒಳಗೆ ಯಾರೋ ಬ್ಯಾಚುಲರ್‌ಗಳು ಇದ್ದಾರೇನೋ ಅನ್ನುವ ಅನುಮಾನವಾದರೆ ‘ಎ ಹೌಸ್ ವೇರ್ ಬ್ಯಾಚುಲರ್ಸ್ ಮೇ ಬಿ ಸ್ಟೇಯಿಂಗ್’. ಬ್ರೋಕರ್‌ಗೆ ಮೊದಲನೆಯದನ್ನು ಕಳಿಸಿ. ಎರಡನೆಯದು ಪಕ್ಕದ ಮನೆಯವರು ಓನರ್‌ಗೆ ಫೋನ್ ಮಾಡಿ ಹೇಳುವ ಮಾತು.